ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ನಿಂತಿದೆ, ನನಗೆ ನಿದ್ದೆಯಿಲ್ಲ

ಪ್ರಶ್ನೆ: ನಾನು, ನನ್ನ ಗೆಳತಿ ಹುಬ್ಬಳ್ಳಿಯಲ್ಲಿ ಮಣ್ಣಿನ ತೇವಾಂಶ ಅಳೆಯುವ, ಲಿಥಿಯಂ ಅಯಾನ್ ಬ್ಯಾಟರಿಯಿಂದ ನಡೆಯುವ ಸೆನ್ಸರ್ ತಯಾರಿಸುತ್ತೇವೆ. ಮೊದಲ ವಿದೇಶಿ ಆರ್ಡರ್ ಜರ್ಮನಿಯದು. ಎಕ್ಸ್‌ಪ್ರೆಸ್ ಕೊರಿಯರ್‌ನಲ್ಲಿ ಕಳಿಸಿದ ಪೆಟ್ಟಿಗೆ ಅಲ್ಲಿನ ಕಸ್ಟಮ್ಸ್‌ನಲ್ಲಿ ನಿಂತಿದೆ. ಗ್ರಾಹಕರ ಮೇಲ್ ತೆರೆಯಲೂ ಭಯ. ರಾತ್ರಿಯೆಲ್ಲ ಟ್ರ್ಯಾಕಿಂಗ್ ನೋಡುತ್ತ ಕೂರುತ್ತೇನೆ. ಅಪ್ಪ ಊಟಕ್ಕೆ ಕೂತಾಗ ‘ಮುಟ್ಟಿತೇನವಾ?’ ಅಂದರೂ ಅಳು ಬರುತ್ತದೆ. ನಮ್ಮಂಥವರಿಗೆ ಇದೆಲ್ಲ ಬೇಕಿತ್ತಾ?

ಉತ್ತರ: ಅಳು ಬಂದರೆ ನಾಚಿಕೆ ಪಡಬೇಡಿ. ನಿಮ್ಮ ಕೈಯಾರೆ ಬೆಸುಗೆ ಹಾಕಿದ ವಸ್ತು ನೀವು ಕಾಣದ ಊರಲ್ಲಿ ಯಾರದೋ ಮೇಜಿನ ಮೇಲಿದೆ. ಹೊಟ್ಟೆಯಲ್ಲಿ ಸಂಕಟ ಆಗದೆ ಇರುತ್ತದೆಯೇ? ಅಪ್ಪನ ಮಾತಿನಲ್ಲಿ ನಿಮಗೆ ಆಕ್ಷೇಪ ಕೇಳಿಸಿತು. ಅವರು ಕೇಳಿದ್ದು ಬಹುಶಃ ಪೆಟ್ಟಿಗೆಯ ಸುದ್ದಿ ಮಾತ್ರ.

ತಡೆದರು ಅಂದರೆ ಬೇಡ ಅಂದರು ಎಂದಲ್ಲ. ಎಷ್ಟೋ ಸಲ ಸಿಕ್ಕಿಕೊಳ್ಳುವುದು ಸರಕಲ್ಲ, ಕಾಗದ. 1969ರಲ್ಲಿ ಕೊರಿಯರ್ ಕಂಪನಿ ಡಿಎಚ್‌ಎಲ್ ಶುರುವಾದದ್ದೇ ಹಡಗಿನ ಸರಕಿನ ಕಾಗದಪತ್ರಗಳನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊನೊಲುಲುವಿಗೆ ವಿಮಾನದಲ್ಲಿ ಒಯ್ಯಲು. ಹಡಗು ಮುಟ್ಟುವ ಮೊದಲೇ ಕಸ್ಟಮ್ಸ್ ಕೆಲಸ ಶುರುವಾಗಲಿ ಅಂತ. ನೋಡಿ, ನಿಮ್ಮ ತಲೆನೋವು ಎಷ್ಟು ಹಳೆಯದು! ಜರ್ಮನಿಯಲ್ಲಿ ನಿಮಗೆ ಗೋದಾಮಿಲ್ಲ, ಕಚೇರಿಯಿಲ್ಲ. ಆದರೂ ಹತ್ತು ಸೆನ್ಸರ್ ಕಳಿಸಿ, ಗ್ರಾಹಕರ ದೂರು ಕೇಳಿ, ತಿದ್ದಿ ಮತ್ತೆ ಕಳಿಸಬಲ್ಲಿರಿ. ಇಬ್ಬರ ಕಂಪನಿಗೆ ಆ ಅವಕಾಶ ಕೊಟ್ಟಿದ್ದು ಈ ಎಕ್ಸ್‌ಪ್ರೆಸ್ ಕೊರಿಯರ್ ಸೇವೆಯೇ. ದುಬಾರಿ, ನಿಜ. ಹಡಗಿನಲ್ಲಾದರೆ ವಾರಗಟ್ಟಲೆ ಕಾಯಬೇಕು. ಆದರೆ ಕೊರಿಯರ್‌ನವರು ಒಯ್ಯುತ್ತಾರಷ್ಟೆ. ಒಳಗೇನಿದೆ ಎಂದು ಹೇಳಬೇಕಾದವರು ನೀವು.

ನೀವು ಕಳಿಸಿದ ಇನ್‌ವಾಯ್ಸ್ ಪ್ರತಿ ನೋಡಿದೆ. ‘ಎಲೆಕ್ಟ್ರಾನಿಕ್ ಸ್ಯಾಂಪಲ್’ ಎಂದಷ್ಟೇ ಇದೆ. ಇದರಿಂದ ಅಧಿಕಾರಿಗೆ ಏನು ತಿಳಿದೀತು? ‘ಮಣ್ಣಿನ ತೇವಾಂಶ ಅಳೆಯುವ ಸೆನ್ಸರ್, ಒಳಗೆ ಲಿಥಿಯಂ ಅಯಾನ್ ಬ್ಯಾಟರಿ, ಮಾರಾಟಕ್ಕೆ’ ಎಂದು ಬರೆದು, ಸರಕಿನ ವರ್ಗ ಸೂಚಿಸುವ ಎಚ್‌ಎಸ್ ಕೋಡ್, ನಿಜವಾದ ಬೆಲೆ ಹಾಕಿ ಕೊರಿಯರ್‌ನವರಿಗೆ ಕೊಡಿ. ಬ್ಯಾಟರಿ ಸಾಗಣೆಗೆ ಸುರಕ್ಷಿತ ಎಂದು ತೋರಿಸುವ ಯುಎನ್ 38.3 ಪರೀಕ್ಷಾ ವರದಿ ಜೊತೆಗಿರಲಿ. ಸರಕು ಅಲ್ಲಿನ ನಿಯಮಕ್ಕೆ ತಕ್ಕದ್ದೆಂದು ತೋರಿಸಲು ಯುರೋಪಿಗೆ ಬೇಕಾದ ಸಿಇ ದಾಖಲೆ ಇಲ್ಲದಿದ್ದರೆ ಮಾತ್ರ ವಿಷಯ ಗಂಭೀರ, ಅದನ್ನು ಮುಚ್ಚಿಡಬೇಡಿ.

ಇದಕ್ಕೂ ಮೊದಲು ಆ ಮೇಲ್ ತೆರೆಯಿರಿ, ಇವತ್ತೇ. ಸುಂಕ ಯಾರು ಕಟ್ಟಬೇಕು ಎಂದು ಕೇಳಿರಬಹುದು. ವ್ಯವಹಾರದ ಷರತ್ತು ಡಿಎಪಿ ಎಂದು ಒಪ್ಪಿದ್ದರೆ ಅವರು, ಡಿಡಿಪಿ ಆಗಿದ್ದರೆ ನೀವು. ‘ಪೆಟ್ಟಿಗೆ ಕಸ್ಟಮ್ಸ್‌ನಲ್ಲಿದೆ, ಇಂಥ ಕಾಗದ ಕೊಡುತ್ತಿದ್ದೇವೆ, ಶುಕ್ರವಾರ ಮತ್ತೆ ತಿಳಿಸುತ್ತೇವೆ’ ಎಂದರೆ ಸಾಕು. ತಡವಾದರೆ ಜನ ತಾಳಿಕೊಳ್ಳುತ್ತಾರೆ, ಮೌನವನ್ನು ಅಷ್ಟು ಸುಲಭವಾಗಿ ತಾಳಿಕೊಳ್ಳುವುದಿಲ್ಲ.

ಟ್ರ್ಯಾಕಿಂಗ್ ಬೆಳಿಗ್ಗೆ ನೀವು ನೋಡಿ, ಸಂಜೆ ಗೆಳತಿ ನೋಡಲಿ. ರಾತ್ರಿ ಯಾರೂ ಬೇಡ. ನಿಮ್ಮೂರಲ್ಲೇ ಹೊಸ ಉದ್ಯಮಗಳಿಗೆ ನೆರವಾಗುವ ದೇಶಪಾಂಡೆ ಸ್ಟಾರ್ಟಪ್ಸ್ ಇದೆ. ವಿದೇಶಕ್ಕೆ ಸರಕು ಕಳಿಸಿದವರ ಪರಿಚಯ ಅಲ್ಲಿ ಸಿಗುತ್ತದೆಯೇ ವಿಚಾರಿಸಿ. ಪೆಟ್ಟಿಗೆ ಮುಟ್ಟಿದ ಮೇಲೂ ನಿದ್ದೆ ಹತ್ತದಿದ್ದರೆ, ಎದೆ ಡವಗುಟ್ಟುವುದು ನಿಲ್ಲದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.