ಮಕ್ಕಳ ಉಸಿರಿನ ಪರೀಕ್ಷೆ: ಅಭಯವೇ ಮೊದಲ ಸಿದ್ಧತೆ

ಬಾಳೆಲೆಯಂತಹ ಕಾಫಿ ಸೀಮೆಯ ಊರುಗಳಲ್ಲಿ ಮಳೆಗಾಲದ ಥಂಡಿ, ಗೋಡೆಗೆ ಹಿಡಿಯುವ ಬೂಷ್ಟು, ಸೌದೆ ಒಲೆಯ ಹೊಗೆ ಇವು ಉಬ್ಬಸವುಳ್ಳ ಮಕ್ಕಳನ್ನು ಬಹುವಾಗಿ ಬಾಧಿಸುತ್ತವೆ. ತಮಕಶ್ವಾಸವು ಮೋಡ, ಮಳೆ, ಶೀತಗಳಿಂದ ಹೆಚ್ಚುವುದೆಂದು ಚರಕಸಂಹಿತೆಯೂ ಹೇಳುತ್ತದೆ. ಶ್ವಾಸನಾಳಗಳು ಎಷ್ಟು ಸಂಕುಚಿತವಾಗಿವೆ ಎಂಬುದನ್ನು ಅಳೆದು ತಿಳಿಯಲು ಇಂದು ಸ್ಪೈರೋಮೆಟ್ರಿ ಎಂಬ ಪರೀಕ್ಷೆಯಿದೆ. ಸಾಮಾನ್ಯವಾಗಿ 5–6 ವರ್ಷ ತುಂಬಿದ ಮಕ್ಕಳು ಇದನ್ನು ಮಾಡಬಲ್ಲರು.

ರಕ್ತಪರೀಕ್ಷೆಯಲ್ಲಿ ಮಗು ಅತ್ತರೂ ಫಲಿತಾಂಶ ದೊರೆಯುತ್ತದೆ. ಉಸಿರಿನ ಪರೀಕ್ಷೆ ಹಾಗಲ್ಲ. ಅದು ಮಗುವಿನ ಪ್ರಯತ್ನವನ್ನೇ ಅವಲಂಬಿಸಿದೆ. ಅಂಜಿದ ಮಗು ಅರೆ ಉಸಿರು ಊದಿದರೆ ಬರುವ ಅಂಕಿಗಳನ್ನು ನಂಬಲಾಗದು, ಚಿಕಿತ್ಸೆಯೂ ದಾರಿ ತಪ್ಪೀತು. ಆದುದರಿಂದ ಭಯ ನಿವಾರಣೆಯು ಪರೀಕ್ಷೆಯದೇ ಒಂದು ಅಂಗ.

ನಡೆಯುವುದನ್ನು ಮಗುವಿಗೆ ಮೊದಲೇ ಸತ್ಯವಾಗಿ ತಿಳಿಸಬೇಕು. ಸೂಜಿಯಿಲ್ಲ, ರಕ್ತ ತೆಗೆಯುವುದಿಲ್ಲ. ಮೂಗಿಗೆ ಮೆತ್ತನೆಯ ಕ್ಲಿಪ್ ಹಾಕುತ್ತಾರೆ. ಬಾಯಿಂದ ಧಾರಾಳವಾಗಿ ಉಸಿರಾಡಬಹುದು. ಉಸಿರನ್ನು ತುಂಬ ಎಳೆದುಕೊಂಡು, ಕೊಳವೆಯನ್ನು ತುಟಿಗಳಿಂದ ಬಿಗಿಹಿಡಿದು, ಒಮ್ಮೆಲೇ ರಭಸದಿಂದ ಪೂರ್ತಿ ಖಾಲಿಯಾಗುವವರೆಗೆ ಊದಬೇಕು. ಕನಿಷ್ಠ 3 ಬಾರಿ ಊದಿಸುತ್ತಾರೆ. ಔಷಧ ಸೇದಿಸಿ, ಸುಮಾರು 15 ನಿಮಿಷ ಬಿಟ್ಟು ಮತ್ತೆ ಊದಿಸುವುದೂ ಉಂಟು. ಪುನಃ ಊದೆಂದರೆ ತಾನು ತಪ್ಪಿದೆನೆಂದು ಮಗು ಭಾವಿಸದಿರಲಿ.

ಮನೆಯಲ್ಲಿ ಕಾಗದದ ಗಿರಗಿಟ್ಟಲೆಯನ್ನು ಊದಿ ತಿರುಗಿಸುವ ಆಟವಾಡಿಸಿರಿ. ತಾಯಿ ಮೊದಲು ಊದಿ ತೋರಿಸಲಿ. ತಲೆ ಹಗುರವೆನಿಸಿದರೆ ನಿಲ್ಲಿಸಬೇಕು. ಉಬ್ಬಸವಿರುವಾಗ ಈ ಆಟ ಬೇಡ. “ಹಟ ಮಾಡಿದರೆ ಡಾಕ್ಟರು ಇಂಜೆಕ್ಷನ್ ಕೊಡುತ್ತಾರೆ” ಎಂದು ಎಂದಿಗೂ ಹೆದರಿಸಬಾರದು.

ಮಡಿಕೇರಿಗೋ ಮೈಸೂರಿಗೋ ಹೋಗುವ ದಿನ ಲಘು ಆಹಾರ, ಸಡಿಲ ಉಡುಪು ಇರಲಿ. ತಿರುವಿನ ದಾರಿಯಲ್ಲಿ ಬಳಲಿದ ಮಗುವಿಗೆ ವಿಶ್ರಾಂತಿ ದೊರೆಯುವಂತೆ ಬೇಗನೆ ಹೊರಡಿರಿ. ಇನ್ಹೇಲರ್ ಅನ್ನು ಎಷ್ಟು ಗಂಟೆ ಮೊದಲು ನಿಲ್ಲಿಸಬೇಕೆಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಅಷ್ಟರಲ್ಲಿ ಉಬ್ಬಸ ಬಂದರೆ ಔಷಧವನ್ನು ತಡೆಯದೆ ಕೊಟ್ಟು, ಕೊಟ್ಟ ವೇಳೆಯನ್ನು ತಿಳಿಸಿರಿ. ಕಷಾಯ, ಲೇಹ್ಯ ಕೊಡುತ್ತಿದ್ದರೆ ಅದನ್ನೂ ಮುಚ್ಚಿಡಬಾರದು. ಪಕ್ಕೆಗಳು ಒಳಸೆಳೆಯುತ್ತಿದ್ದರೆ, ಮಾತನಾಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ಪರೀಕ್ಷೆಯ ದಿನಕ್ಕಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ಒಂದು ದಿನ ಮಗುವಿನಿಂದ ಆಗದಿದ್ದರೆ ಗದರಿಸಬೇಡಿರಿ. ಇನ್ನೊಂದು ದಿನ ಮಾಡಿಸಬಹುದು. ಕಳೆದುಹೋದ ಧೈರ್ಯವನ್ನು ಮರಳಿ ತರುವುದು ಅದಕ್ಕಿಂತ ಕಷ್ಟ.