ಯೂರಿಕ್ ಆಮ್ಲ ಮತ್ತು ಅಧಿಕ ರಕ್ತದೊತ್ತಡ: ತ್ವರಿತ ಟಿಪ್ಪಣಿ

1. ಯೂರಿಕ್ ಆಮ್ಲ: ಮನುಷ್ಯರಲ್ಲಿ ಪ್ಯೂರಿನ್ ವಿಭಜನೆಯ ಅಂತಿಮ ಉತ್ಪನ್ನ. ಕಿಣ್ವ: ಕ್ಸಾಂಥೀನ್ ಆಕ್ಸಿಡೇಸ್. ಶೋಧ: ಷೀಲೆ, 1776. ಸುಮಾರು ಮೂರನೇ ಎರಡು ಭಾಗ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ.

2. ಹೈಪರ್‌ಯೂರಿಸೀಮಿಯಾ: ಡೆಸಿಲೀಟರ್‌ಗೆ ಪುರುಷರಲ್ಲಿ 7, ಮಹಿಳೆಯರಲ್ಲಿ 6 ಮಿ.ಗ್ರಾಂ ಮೀರಿದರೆ. ಅಧಿಕ ರಕ್ತದೊತ್ತಡ: 140/90 ಅಥವಾ ಹೆಚ್ಚು.

3. ನಂಟು ಹೇಗೆ?
• ಯೂರಿಕ್ ಆಮ್ಲ ಹೆಚ್ಚಾದರೆ ರಕ್ತನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಕುಗ್ಗುತ್ತದೆ.
• ರೆನಿನ್-ಆಂಜಿಯೋಟೆನ್ಸಿನ್ ವ್ಯವಸ್ಥೆ ಚುರುಕಾಗುತ್ತದೆ.
• 2008ರ ಅಮೆರಿಕ ಪ್ರಯೋಗ: 30 ಹದಿಹರೆಯದವರಲ್ಲಿ ಯೂರಿಕ್ ಆಮ್ಲ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆಯಿಂದ ರಕ್ತದೊತ್ತಡ ಇಳಿಯಿತು. ನಂತರದ ಪ್ರಯೋಗಗಳಲ್ಲಿ ಫಲ ಒಂದೇ ತೆರನಾಗಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ‘ಸಂಬಂಧವಿದೆ’ ಎಂಬ ಆಯ್ಕೆ ಸರಿ. ‘ಏಕೈಕ ಕಾರಣ’ ಎಂಬ ಆಯ್ಕೆ ತಪ್ಪು.

4. ಗೊಂದಲದ ಜೋಡಿಗಳು (ಧಾರವಾಡದ ಕೋಚಿಂಗ್ ಹುಡುಗರು ಎಡವುವುದು ಇಲ್ಲೇ):
• ಯೂರಿಯಾ: ಪ್ರೋಟೀನ್‌ನ ಅಮೋನಿಯಾದಿಂದ. ಯೂರಿಕ್ ಆಮ್ಲ: ಪ್ಯೂರಿನ್‌ನಿಂದ.
• ಥಯಾಜೈಡ್ ಬಿಪಿ ಮಾತ್ರೆ ಯೂರಿಕ್ ಆಮ್ಲ ಏರಿಸುತ್ತದೆ, ಲೋಸಾರ್ಟಾನ್ ಇಳಿಸುತ್ತದೆ. ಎರಡೂ ಬಿಪಿ ಮಾತ್ರೆಗಳೇ!
• ಗೌಟ್: ಯೂರಿಕ್ ಆಮ್ಲದ ಹರಳುಗಳಿಂದ ಕೀಲುನೋವು. ಆಮ್ಲ ಹೆಚ್ಚಿದ್ದವರಿಗೆಲ್ಲ ಬರುವುದಿಲ್ಲ.

5. ಬಿಡಿ ಅಂಶಗಳು: ವಿಶ್ವ ಅಧಿಕ ರಕ್ತದೊತ್ತಡ ದಿನ, ಮೇ 17. ಅಲೋಪ್ಯೂರಿನಾಲ್ ಸಂಶೋಧನೆಯ ಎಲಿಯನ್, ಹಿಚಿಂಗ್ಸ್: 1988ರ ವೈದ್ಯಕೀಯ ನೊಬೆಲ್, ಜೇಮ್ಸ್ ಬ್ಲ್ಯಾಕ್ ಜೊತೆ.