ಕೆರೆಯ ದಂಡೆ ಕಲಿಸಿದ ಪಾಠ

ನಾಗಪುರದಿಂದ ಈಶಾನ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ರಾಮಟೇಕವಿದೆ. ಕಾಳಿದಾಸನ ಮೇಘದೂತದಲ್ಲಿ ಬರುವ ರಾಮಗಿರಿ ಇದೇ ಎಂದು ಅನೇಕ ವಿದ್ವಾಂಸರ ಮತ. ಬೇಂದ್ರೆಯವರು ಆ ಕಾವ್ಯವನ್ನು ಕನ್ನಡಕ್ಕೆ ತಂದಿರುವುದರಿಂದ ನಮ್ಮ ವಾಚಕರಿಗೆ ಅದರ ಹೆಸರು ಹೊಸದಲ್ಲ. ಊರಿನ ಸಮೀಪದಲ್ಲಿ ಗುಡ್ಡಗಳ ನಡುವೆ ಖಿಂಡಸಿ ಎಂಬ ದೊಡ್ಡ ನೀರಾವರಿ ಕೆರೆಯಿದೆ. ಕಳೆದ ಡಿಸೆಂಬರಿನಲ್ಲಿ ನಾವು ಹನ್ನೊಂದು ಜನ ಶನಿವಾರ ರಾತ್ರಿ ರಾಮಟೇಕದಲ್ಲಿ ತಂಗಿ, ರವಿವಾರ ಬೆಳಿಗ್ಗೆ ರೊಟ್ಟಿ, ಚಟ್ನಿಪುಡಿಗಳ ಚೀಲಗಳನ್ನು ಹೆಗಲಿಗೇರಿಸಿಕೊಂಡು ಆ ಕೆರೆಯ ದಂಡೆಗುಂಟ ನಡೆಯಲು ಹೊರಟೆವು. ಅಲ್ಲಿ ನಾವು ಮಾಡಿದ ತಪ್ಪುಗಳು ಇತರರಿಗೆ ಪಾಠವಾಗಲೆಂದು ಇದನ್ನು ಬರೆಯುತ್ತಿದ್ದೇವೆ.

ಮೊದಲನೆಯ ತಪ್ಪು ದೂರದ ಲೆಕ್ಕದಲ್ಲಿ ಆಯಿತು. ನೀರಿನಾಚೆ ಕಾಣುತ್ತಿದ್ದ ಮರದ ಗುಂಪನ್ನು ಅರ್ಧ ಗಂಟೆಯಲ್ಲಿ ಮುಟ್ಟುವೆವೆಂದುಕೊಂಡೆವು. ಹಿಡಿದದ್ದು ಎರಡು ಗಂಟೆ. ಕಾರಣ ಸರಳವಾಗಿದೆ. ಗುಡ್ಡಗಳ ನಡುವೆ ಏರಿ ಕಟ್ಟಿದಾಗ ನೀರು ಅಕ್ಕಪಕ್ಕದ ಹಳ್ಳಗಳಲ್ಲೆಲ್ಲ ಹಿಮ್ಮುಖವಾಗಿ ತುಂಬುತ್ತದೆ. ನಮ್ಮ ಸೂಳೆಕೆರೆಯನ್ನು ಕಂಡವರಿಗೆ ಇದು ಗೊತ್ತು: ಏರಿ ಚಿಕ್ಕದು, ಕೆರೆಯ ಸುತ್ತಳತೆ ಬಹಳ ದೊಡ್ಡದು. ಅಂಗೈಯನ್ನು ಕಾಗದದ ಮೇಲಿಟ್ಟು ಬೆರಳುಗಳನ್ನು ಅಗಲಿಸಿ, ಅವುಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ನೋಡಿರಿ. ಕಿರುಬೆರಳಿನ ತುದಿಯಿಂದ ಹೆಬ್ಬೆರಳಿನ ತುದಿಗೆ ನೇರವಾಗಿ ಒಂದು ಗೇಣು; ಪೆನ್ಸಿಲು ನಡೆದ ದಾರಿ ಎರಡು ಗೇಣಿಗಿಂತಲೂ ಹೆಚ್ಚು. ದಂಡೆಯಲ್ಲಿ ನಡೆಯುವವನು ಪೆನ್ಸಿಲಿನಂತೆ ನಡೆಯಬೇಕು.

ಎರಡನೆಯದು ಅಡ್ಡದಾರಿಯ ಆಸೆ. ನೀರು ಇಳಿದು ಬಯಲಾದ ಕೆಸರು ಮೇಲೆ ಒಣಗಿ ಬಿರುಕು ಬಿಟ್ಟಿತ್ತು. ನಮ್ಮ ತರುಣನೊಬ್ಬ ಅದರ ಮೇಲೆ ಕಾಲಿಟ್ಟೊಡನೆ ಮೊಣಕಾಲುದ್ದ ಹೂತುಹೋದ. ಬಿಸಿಲು ಒಣಗಿಸುವುದು ಮೇಲಿನ ಪದರನ್ನು ಮಾತ್ರ. ಕೆಳಗಿನ ಮಣ್ಣಿನಲ್ಲಿ ಕೆರೆಯ ತೇವ ಇದ್ದೇ ಇರುತ್ತದೆ. ಹತ್ತಿರದಲ್ಲಿದ್ದ ಮೀನುಗಾರನೊಬ್ಬ ಬಿದಿರಿನ ಗಳುವನ್ನು ಚಾಚಿ ಅವನನ್ನು ಎಳೆದುಕೊಂಡನು. ಸ್ಥಳೀಯರು ತುಳಿಯದ ನೆಲವನ್ನು ನಾವೂ ತುಳಿಯಬಾರದು.

ಮೂರನೆಯ ತಪ್ಪೇ ದೊಡ್ಡದು. ನಮ್ಮೊಡನೆ ನಿವೃತ್ತ ಗುಮಾಸ್ತರೊಬ್ಬರು ಬಂದಿದ್ದರು. ಹೊಸ ಬೂಟು ಕಚ್ಚಿ ಅವರ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಯಾರಿಗೂ ಹೇಳದೆ ಹಿಂದೆ ಉಳಿದರು. ನೀರಿನ ಬಾಟಲಿಗಳೆಲ್ಲ ಮುಂದೆ ಹೋದ ತರುಣರ ಚೀಲದಲ್ಲಿ! ಊಟಕ್ಕೆ ಕುಳಿತಾಗ ಎಣಿಸಿದರೆ ಹತ್ತೇ ಜನ. ಒಂದು ಗಂಟೆ ಹುಡುಕಿದ ಮೇಲೆ ಬಂಡೆಯೊಂದರ ನೆರಳಿನಲ್ಲಿ ಬಾಯಿ ಒಣಗಿ ಕುಳಿತಿದ್ದರು.

“ಕಾಕಾ, ಒಂದು ಕೂಗು ಹಾಕಬಾರದಿತ್ತೇ?” ಎಂದು ತರುಣನು ಕೇಳಿದನು.

“ನಿಮ್ಮ ಸಂತೋಷಕ್ಕೆ ನಾನು ಅಡ್ಡಿಯಾಗಬಾರದು ಅಂತ ಸುಮ್ಮನಿದ್ದೆನಪ್ಪಾ,” ಎಂದರು.

ಆ ಮಾತಿಗೆ ನಾವೆಲ್ಲ ತಲೆ ತಗ್ಗಿಸಿದೆವು. ಅಲ್ಲಿಂದಲೇ ಹಿಂದಿರುಗಿದೆವು, ಅವರ ಚೀಲವನ್ನು ಸರದಿಯ ಮೇಲೆ ಹೊತ್ತೆವು.

ಆ ಸಂಜೆ ನಾವು ಮಾಡಿಕೊಂಡ ನಿಯಮಗಳು ಇವು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದಿರಬೇಕು, ಗಟ್ಟಿಗನೊಬ್ಬನು ಕೊನೆಯಲ್ಲಿರಬೇಕು. ಪ್ರತಿಯೊಬ್ಬರ ನೀರು ಅವರವರ ಬಳಿಯಲ್ಲೇ ಇರಬೇಕು. ಗಂಟೆಗೊಮ್ಮೆ ತಲೆ ಎಣಿಸಿ, ಪಾದ ಹೇಗಿದೆಯೆಂದು ಒಬ್ಬೊಬ್ಬರನ್ನೂ ಕೇಳಬೇಕು. ಹಳೆಯ ಪಾದರಕ್ಷೆಯೇ ಲೇಸು. ಡಿಸೆಂಬರಿನಲ್ಲಿ ಇಲ್ಲಿ ಸಂಜೆ 5-30ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ 8ಕ್ಕೆ ಹೊರಟರೆ, ಎಲ್ಲಿಗೆ ಮುಟ್ಟಿದ್ದರೂ 11-30ಕ್ಕೆ ಹಿಂದಿರುಗಬೇಕು. 3 ಗಂಟೆಗೆ ಊರು ಸೇರಬಹುದು. ಏನಾದರೂ ತೊಂದರೆಯಾದರೆ ಎರಡೂವರೆ ಗಂಟೆಯ ಬೆಳಕು ಕೈಯಲ್ಲಿರುತ್ತದೆ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಲ್ಲಿ ನೋವನ್ನು ನುಂಗಿಕೊಂಡು ಹಿಂದೆ ಉಳಿಯುವವರು ಬಹಳ. ಅವರಾಗಿ ಕೂಗುವುದಿಲ್ಲ, ನಾವೇ ನಿಂತು ಎಣಿಸಬೇಕು.